ಹಾದಿಬದಿಯ ವಸತಿಯೂ ಮುಂಬಯಿ ಪಾಲಿಕೆಯೂ

ಮುಂಬಯಿಯ ಬೀದಿಗಳ ಮೇಲೆ ಮಹಾನಗರಪಾಲಿಕೆಗಿರುವ ಅಧಿಕಾರಕ್ಕೆ 1888ರ ಕಾಯಿದೆಯೇ ಮೂಲ. ಹಾದಿಯನ್ನು ಆಕ್ರಮಿಸಿದ ಕಟ್ಟಡವನ್ನಾಗಲಿ ಸಾಮಗ್ರಿಯನ್ನಾಗಲಿ ಮುನ್ಸೂಚನೆಯಿಲ್ಲದೆ ತೆಗೆಯಿಸುವ ಅಧಿಕಾರವನ್ನು ಅದರ 314ನೆಯ ಕಲಮು ಕಮಿಷನರರಿಗೆ ಕೊಟ್ಟಿತು. ಅಂಗಡಿಯ ಹಲಗೆಗೂ ಸಂಸಾರದ ಗುಡಿಸಲಿಗೂ ಅದು ಭೇದವೆಣಿಸಲಿಲ್ಲ.

1981ರ ಜುಲೈಯಲ್ಲಿ, ಮಳೆಗಾಲದ ನಡುವೆಯೇ, ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಹಾದಿಬದಿಯ ನಿವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ ಕಳುಹಿಸುವುದಾಗಿ ಸಾರಿದರು. ಊರಿನಲ್ಲಿ ದುಡಿಮೆಯಿದ್ದಿದ್ದರೆ ಅವರು ಬರುತ್ತಲೇ ಇರಲಿಲ್ಲವೆಂಬುದನ್ನು ಹೊರನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಪಾಲಿಕೆಯ ಪಕ್ಷವೂ ಹುರುಳಿಲ್ಲದ್ದಾಗಿರಲಿಲ್ಲ. ಪಾದಚಾರಿಗೆ ಹಾದಿಬದಿ ತಪ್ಪಿದರೆ ಆತನು ವಾಹನಗಳ ನಡುವೆಯೇ ನಡೆಯಬೇಕಷ್ಟೆ.

ಮುಖ್ಯ ನ್ಯಾಯಾಧೀಶ ವೈ. ವಿ. ಚಂದ್ರಚೂಡರಿದ್ದ ಐವರ ಪೀಠವು 1985ರ ಜುಲೈ 10ರಂದು ತೀರ್ಪಿತ್ತಿತು. ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಅಡಕವಾಗಿದೆಯೆಂದು ಅದು ಒಪ್ಪಿತು. ತೀರ್ಪಿನ ಕೀರ್ತಿಯೆಲ್ಲ ಈ ಮಾತಿನದು. ಆದರೆ ಮುಂದಿನ ಭಾಗವನ್ನು ಓದಿದವರು ಕಡಿಮೆ. ಮುನ್ಸೂಚನೆ ಕೊಟ್ಟು ಅಹವಾಲು ಕೇಳುವುದೇ ನಿಯಮ, ಕೇಳದಿರುವುದು ಅಪವಾದವೆಂದು ನ್ಯಾಯಾಲಯವು 314ನೆಯ ಕಲಮನ್ನು ಅರ್ಥೈಸಿತು. ಕಲಮನ್ನು ಮಾತ್ರ ರದ್ದುಗೊಳಿಸಲಿಲ್ಲ. ಕಮಿಷನರರು ಕೇಳದ ಅಹವಾಲನ್ನು ತಾನೇ ವಿಸ್ತಾರವಾಗಿ ಕೇಳಿರುವುದರಿಂದ ಮತ್ತೊಂದು ವಿಚಾರಣೆ ಅನಾವಶ್ಯಕವೆಂದೂ ಹೇಳಿತು! ಗುಡಿಸಲಿನವರು ಗೆದ್ದ ಹಕ್ಕು ಗೆದ್ದ ದಿನವೇ ವ್ಯಯವಾಯಿತು.

1976ರ ಗಣತಿಯಲ್ಲಿ ಸೇರಿದ್ದವರಿಗೆ ಸರಕಾರದ ಭರವಸೆಯಂತೆ ಬದಲಿ ನಿವೇಶನ ಕೊಡಬೇಕೆಂದಾಯಿತು. ಉಳಿದ ಹಾದಿಬದಿಯವರಿಗೆ ದೊರೆತದ್ದು ಮಳೆಗಾಲ ಮುಗಿದು ಒಂದು ತಿಂಗಳು, ಎಂದರೆ 1985ರ ಅಕ್ಟೋಬರ್ 31ರವರೆಗಿನ ಗಡುವು.