ತೊನ್ನು ಕುಷ್ಠ ಅಲ್ಲ: ಒಂದು ತಪ್ಪು ಹೆಸರಿನ ಚರಿತ್ರೆ

ಗೋಕಾಕದಿಂದ ಹುಕ್ಕೇರಿಗೆ ಹೋಗುವಾಗಲೂ ಮೂಡಲಗಿ ಕಡೆ ಹೊರಟಾಗಲೂ ನಾವು ಗೋಡೆ ಬರಹ ಓದುತ್ತ ಹೋಗುತ್ತೇವೆ. ಸುದ್ದಿಗಾಗಿ ಓಡಾಡುವವರ ಚಟ ಅದು. ಸಿಮೆಂಟು, ಬಿತ್ತನೆ ಬೀಜ, ಕೋಚಿಂಗ್ ಕ್ಲಾಸುಗಳ ನಡುವೆ ಇನ್ನೊಂದು ಸಾಲೂ ಕಾಣುತ್ತದೆ: ಬಿಳಿ ಮಚ್ಚೆಗೆ ಖಾತ್ರಿ ಔಷಧ. ಕೆಳಗೆ ಒಂದು ಮೊಬೈಲ್ ನಂಬರು. ಡಾಕ್ಟರ ಹೆಸರಿಲ್ಲ, ಊರಿಲ್ಲ.

ಆ ಸಾಲು ನಮಗೆ ಚುಚ್ಚುತ್ತದೆ. ನಮ್ಮ ಸೋದರತ್ತೆಗೆ ಹದಿನೇಳನೇ ವಯಸ್ಸಿನಲ್ಲಿ ತುಟಿಯ ಅಂಚಿಗೆ ಒಂದು ಬಿಳಿ ಚುಕ್ಕೆ ಬಂತು. ಆಮೇಲೆ ಬೆರಳ ತುದಿಗೆ, ಮೊಣಕಾಲಿಗೆ. ನಿಶ್ಚಯ ಆಗಿದ್ದ ಮದುವೆ ಮುರಿಯಿತು. "ಹುಡುಗಿಗೆ ಬಿಳಿ ಕುಷ್ಠ ಐತಂತ, ನಮಗ ಬ್ಯಾಡ್ರಿ" ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದರು. ಅತ್ತೆಗೆ ಆ ಮಚ್ಚೆ ಒಂದು ದಿನವೂ ನೋಯಲಿಲ್ಲ. ನೋಯಿಸಿದ್ದು ಆ ಹೆಸರು. ಅದು ಎಲ್ಲಿಂದ ಬಂತು ಎಂದು ಹುಡುಕಿದಾಗ ಸಿಕ್ಕ ಕಥೆ ಇದು.

ಒಂದೇ ಹೆಸರಿನಡಿ ಹದಿನೆಂಟು ರೋಗ

ತೊನ್ನಿನ ಮಾತು ಅಥರ್ವವೇದದ ಮೊದಲ ಕಾಂಡದಲ್ಲೇ ಬರುತ್ತದೆ. ಕಪ್ಪು ಬಣ್ಣದ ಮೂಲಿಕೆಯೊಂದನ್ನು ಕರೆದು, ಮೈಮೇಲಿನ ಬಿಳಿ ಕಲೆ ಅಳಿಸು ಎಂದು ಬೇಡುವ ಎರಡು ಸೂಕ್ತಗಳು ಅಲ್ಲಿವೆ. ಆಮೇಲೆ ಚರಕ, ಸುಶ್ರುತರ ಗ್ರಂಥಗಳು ಬಂದವು. ಅವುಗಳಲ್ಲಿ ಕುಷ್ಠ ಎಂದರೆ ಇಂದಿನ ಕುಷ್ಠರೋಗ ಒಂದೇ ಅಲ್ಲ. ಹದಿನೆಂಟು ಬಗೆಯ ಚರ್ಮರೋಗಗಳಿಗೆ ಅದು ಒಟ್ಟು ಹೆಸರು. ತೊನ್ನನ್ನು ಶ್ವಿತ್ರ, ಕಿಲಾಸ ಎಂದು ಕರೆದು ಅದೇ ಅಧ್ಯಾಯದಲ್ಲಿ ಸೇರಿಸಿದರು. ಹಾಗೆ ಸೇರಿಸಿದರೂ ಸುಶ್ರುತ ಒಂದು ಗೆರೆ ಎಳೆದಿದ್ದ: ಕಿಲಾಸ ಚರ್ಮಕ್ಕಷ್ಟೇ ಸೀಮಿತ, ಅದು ಸೋರುವುದಿಲ್ಲ.

ಕಾಲ ಕಳೆದಂತೆ ಕುಷ್ಠ ಎಂಬ ಪದ ಒಂದೇ ರೋಗಕ್ಕೆ ಅಂಟಿಕೊಂಡಿತು. ಸುಶ್ರುತನ ಗೆರೆ ಜನರ ಬಾಯಲ್ಲಿ ಉಳಿಯಲಿಲ್ಲ. "ಬಿಳಿ ಕುಷ್ಠ" ಉಳಿಯಿತು.

1873ರಲ್ಲಿ ನಾರ್ವೆಯ ಡಾ. ಹ್ಯಾನ್ಸನ್ ಕುಷ್ಠಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದರು. ತೊನ್ನಿಗೆ ಅಂಥ ರೋಗಾಣು ಯಾವುದೂ ಇಲ್ಲ. ನಮ್ಮ ಮೈಯ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಬಣ್ಣ ತಯಾರಿಸುವ ಕಣಗಳ ಮೇಲೆ ಬೀಳುತ್ತದೆ. ಮುಟ್ಟಿದರೆ ಬರುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೂ ಬರುವುದಿಲ್ಲ. ಜಗತ್ತಿನಲ್ಲಿ ನೂರಕ್ಕೆ ಅರ್ಧದಿಂದ ಇಬ್ಬರಿಗೆ ಇದು ಇದೆ. ಹಾಡುಗಾರ ಮೈಕೆಲ್ ಜಾಕ್ಸನ್ ತಮಗೂ ಇದೆ ಎಂದು 1993ರಲ್ಲಿ ಟಿವಿಯಲ್ಲಿ ಹೇಳಿಕೊಂಡರು.

ಕುಷ್ಠದ ಹೆಸರಿಗೆ ಜನ ಹೆದರಿದ್ದಕ್ಕೂ ಕಾರಣವಿತ್ತು. 1898ರಲ್ಲಿ ಬ್ರಿಟಿಷರು ತಂದ ಕಾಯ್ದೆಯಡಿ ಕುಷ್ಠವಿದ್ದ ಬಡವರನ್ನು ಹಿಡಿದು ಪ್ರತ್ಯೇಕ ಆಶ್ರಮಕ್ಕೆ ಹಾಕಬಹುದಿತ್ತು. ಆ ಕಾಯ್ದೆ ಪೂರ್ತಿ ರದ್ದಾಗಿದ್ದು 2016ರಲ್ಲಿ. ಕುಷ್ಠದ ಕಾರಣಕ್ಕೆ ವಿಚ್ಛೇದನ ಕೊಡುವ ಅವಕಾಶವನ್ನು ಕಾನೂನಿನಿಂದ ತೆಗೆದದ್ದು 2019ರಲ್ಲಿ.

ಬಾವಿ, ಬಿಸಿಲು, ಬಾವಂಚಿ

ನಮ್ಮ ಜಿಲ್ಲೆಯವರಿಗೆ ಚರ್ಮದ ಕಾಯಿಲೆ ಎಂದರೆ ಮೊದಲು ನೆನಪಾಗುವುದು ಸವದತ್ತಿ ಯಲ್ಲಮ್ಮ. ಜಮದಗ್ನಿಯ ಶಾಪದಿಂದ ರೇಣುಕೆಯ ಮೈ ಕೆಟ್ಟಿತು, ಜೋಗುಳಬಾವಿಯಲ್ಲಿ ಮಿಂದ ಮೇಲೆ ವಾಸಿಯಾಯಿತು ಎಂಬುದು ಪುರಾಣ. ನಮ್ಮ ಅಜ್ಜಿಯೂ ಅತ್ತೆಯನ್ನು ಕರೆದುಕೊಂಡು ಹೋಗಿ ಅಲ್ಲಿ ಸ್ನಾನ ಮಾಡಿಸಿ, ಪಡ್ಡಲಗಿ ತುಂಬಿಸಿ ಬಂದರು. ಮನಸ್ಸಿಗೆ ಒಂದಿಷ್ಟು ಸಮಾಧಾನ ಸಿಕ್ಕಿತು. ಮಚ್ಚೆ ಹಾಗೇ ಇತ್ತು.

ಮುಂದಿನದು ಬಾವಂಚಿ ಬೀಜದ ಎಣ್ಣೆ. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ತೊನ್ನಿಗೆ ಔಷಧ ಕೊಟ್ಟು ಬಿಸಿಲಿಗೆ ಕೂರಿಸುವ ಪದ್ಧತಿ ಆಯುರ್ವೇದದಲ್ಲಿ ಬಹಳ ಹಳೆಯದು. ಆ ಬೀಜದಲ್ಲಿ ಏನಿದೆ ಎಂದು ಹುಡುಕಿದವರಲ್ಲಿ ನಮ್ಮ ರಾಜ್ಯದವರೂ ಇದ್ದಾರೆ. ಬೆಂಗಳೂರಿನ ರಸಾಯನ ವಿಜ್ಞಾನಿ ಬಿ. ಎಲ್. ಮಂಜುನಾಥ್, ಎಚ್. ಎಸ್. ಜೋಯಿಸ್ ಮತ್ತು ಎಸ್. ವೆಂಕಟರಾವ್ ಬಾವಂಚಿ ಬೀಜವನ್ನು ಪರೀಕ್ಷಿಸಿ, ಅದರಿಂದ ಸೋರಲೆನ್ ಎಂಬ ವಸ್ತುವನ್ನು ಬೇರ್ಪಡಿಸಿ 1933ರಲ್ಲಿ ಪ್ರಕಟಿಸಿದರು.

ಈಜಿಪ್ಟಿನಲ್ಲೂ ಇಂಥದೇ ಒಂದು ಗಿಡ ಇತ್ತು. ನೈಲ್ ನದಿಯ ದಂಡೆಯಲ್ಲಿ ಬೆಳೆಯುವ ಅದರ ಬೀಜ ತಿಂದು ಬಿಸಿಲಿಗೆ ನಿಲ್ಲುವುದು ಅಲ್ಲಿನ ನಾಟಿ ಮದ್ದು. 1940ರ ದಶಕದಲ್ಲಿ ಅದರಿಂದಲೂ ಸೋರಲೆನ್ ಜಾತಿಯ ವಸ್ತು ತೆಗೆದರು. ಕೈರೋದ ಡಾ. ಎಲ್ ಮೋಫ್ತಿ ಅದನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ನೋಡಿ 1948ರಲ್ಲಿ ವರದಿ ಮಾಡಿದರು. ಸೋರಲೆನ್ ಕೊಟ್ಟು ಯಂತ್ರದ ಬೆಳಕಿಗೆ ಮೈ ಒಡ್ಡುವ ಚಿಕಿತ್ಸೆ 1970ರ ದಶಕದಲ್ಲಿ ಪೂವಾ ಎಂಬ ಹೆಸರಿನಲ್ಲಿ ಆಸ್ಪತ್ರೆಗಳಿಗೆ ಬಂತು.

ಹಾಗಾದರೆ ಅತ್ತೆಗೆ ಯಾಕೆ ಗುಣವಾಗಲಿಲ್ಲ? ಎರಡು ಕಾರಣ. ಒಂದು, ಅಳತೆ. ಸೋರಲೆನ್ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಆಸ್ಪತ್ರೆಯಲ್ಲಿ ಬೆಳಕನ್ನು ಅಳೆದು ಕೊಡುತ್ತಾರೆ. ಅತ್ತೆ ಎಣ್ಣೆ ಹಚ್ಚಿಕೊಂಡು ನಡುಮಧ್ಯಾಹ್ನ ಅಂಗಳದಲ್ಲಿ ಕೂತರು. ಮೊಣಕಾಲ ಮೇಲೆ ಬೊಬ್ಬೆ ಎದ್ದವು. ತೊನ್ನು ಇದ್ದವರಿಗೆ ಸುಟ್ಟ ಜಾಗ, ಗಾಯದ ಜಾಗದಲ್ಲಿ ಹೊಸ ಮಚ್ಚೆ ಏಳಬಹುದು. ಅತ್ತೆಗೆ ಹಾಗೇ ಆಯಿತು. ಎರಡು, ಜಾಗ. ಬಣ್ಣ ಹೆಚ್ಚಾಗಿ ಕೂದಲ ಬೇರಿನಲ್ಲಿ ಉಳಿದ ಕಣಗಳಿಂದ ಮರಳುತ್ತದೆ. ತುಟಿ, ಬೆರಳ ತುದಿಯಲ್ಲಿ ಕೂದಲೇ ಇಲ್ಲ. ಅಲ್ಲಿ ಬಣ್ಣ ಬರುವುದು ಕಷ್ಟ. ಮುಖಕ್ಕೆ ಮಾತ್ರ ಬೇಗ ಬರುತ್ತದೆ.

ಇವತ್ತು ಏನಿದೆ

1997ರಲ್ಲಿ ನೆದರ್ಲೆಂಡ್ಸ್ ವೈದ್ಯರು ಸೋರಲೆನ್ ಇಲ್ಲದೆ ಬರೀ ಒಂದು ಬಗೆಯ ಅತಿನೇರಳೆ ಬೆಳಕಿನಿಂದಲೇ ಗುಣ ಕಾಣುತ್ತದೆ ಎಂದು ತೋರಿಸಿದರು. ಇಂದು ಚರ್ಮರೋಗ ವಿಭಾಗಗಳಲ್ಲಿ ಹೆಚ್ಚಾಗಿ ಬಳಸುವುದು ಅದನ್ನೇ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಹೋಗಬೇಕು. ಹಚ್ಚುವ ಮುಲಾಮುಗಳಿವೆ. ಮಚ್ಚೆ ಬೆಳೆಯುವುದು ನಿಂತಿದ್ದರೆ ಬೇರೆ ಕಡೆಯ ಚರ್ಮ ತೆಗೆದು ಕೂರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಆದರೆ ಖಾತ್ರಿ ಎಂಬ ಮಾತನ್ನು ಯಾವ ಒಳ್ಳೆಯ ಡಾಕ್ಟರೂ ಹೇಳುವುದಿಲ್ಲ. ತೊನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆ ಪ್ರಕಾರ ಅಪರಾಧ. ಗೋಡೆ ಬರಹಕ್ಕೂ ಇದು ಅನ್ವಯಿಸುತ್ತದೆ.

ಅಕ್ಕ ತಂಗಿಯರಿಗೆ ಒಂದು ಮಾತು. ಟಿಕಳಿ ಹಚ್ಚುವ ಜಾಗದಲ್ಲಷ್ಟೇ ಬೆಳ್ಳಗಾದರೆ ಅದರ ಅಂಟಿನ ರಾಸಾಯನಿಕ ಕಾರಣ ಇರಬಹುದು. ಮೊದಲು ಟಿಕಳಿ ಬಿಟ್ಟು, ಡಾಕ್ಟರಿಗೆ ತೋರಿಸಿ.

ಇನ್ನೊಂದು ಇದಕ್ಕಿಂತ ಮುಖ್ಯ. ತಪ್ಪು ಹೆಸರು ಎರಡೂ ಕಡೆ ಕೊಯ್ಯುತ್ತದೆ. ನಿಜವಾಗಿ ಕುಷ್ಠ ಇದ್ದವರು ಇದು ತೊನ್ನು ಎಂದುಕೊಂಡು ಎಣ್ಣೆ ಹಚ್ಚುತ್ತ ಕೂತರೆ ನರ ಹಾಳಾಗುತ್ತವೆ. ತೊನ್ನಿನ ಮಚ್ಚೆ ಹಾಲಿನಂತೆ ಬೆಳ್ಳಗಿರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಕುಷ್ಠದ ಮಚ್ಚೆ ಮಸುಕು ಅಥವಾ ಕೆಂಪು, ಮುಟ್ಟಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅನುಮಾನ ಬಂದರೆ ಆಶಾ ಕಾರ್ಯಕರ್ತೆಗೆ ಹೇಳಿ, ಸರ್ಕಾರಿ ಆಸ್ಪತ್ರೆಗೆ ಹೋಗಿ. ಕುಷ್ಠಕ್ಕೆ ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆ ಇದೆ, ಉಚಿತ, ಪೂರ್ತಿ ವಾಸಿಯಾಗುತ್ತದೆ. ಕುಷ್ಠ ಎಂದರೂ ಇವತ್ತು ಯಾರನ್ನೂ ದೂರ ಇಡುವ ಕಾರಣವಿಲ್ಲ.

ಹೋದ ವರ್ಷ ಅತ್ತೆಯನ್ನು ಬೆಳಗಾವಿಗೆ ಕರೆದುಕೊಂಡು ಹೋದೆವು. ಡಾಕ್ಟರು ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ಮುಟ್ಟಿಸಿ ನೋಡಿದರು. ಇಷ್ಟು ವರ್ಷದ ಮೇಲೆ ಬಣ್ಣ ಬರುವುದು ಕಷ್ಟ ಎಂದು ತಿಳಿಸಿ ಹೇಳಿದರು. ಅತ್ತೆ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. "ಇದು ಕುಷ್ಠ ಅಲ್ಲ ಅಂತ ಚೀಟಿ ಮ್ಯಾಲ ಬರದು ಕೊಡ್ರಿ ಸಾಹೇಬ್ರ" ಎಂದರು. ಡಾಕ್ಟರು ಬರೆದು ಸಹಿ ಮಾಡಿ ಕೊಟ್ಟರು. ಆ ಚೀಟಿ ಈಗ ಅತ್ತೆಯ ಟ್ರಂಕಿನಲ್ಲಿ, ಹೊಲದ ಕಾಗದಗಳ ಜೊತೆ ಇದೆ.