ಬಂದೂಕಿನ ಎಡಬಲ: ಎಡಗೈ ಗುರಿಕಾರರ ರೈಫಲ್‌ಗಳ ಚರಿತ್ರೆ ಮತ್ತು ಸಂಗ್ರಹ

ಆಯುಧಗಳ ಚರಿತ್ರೆಯನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಲೋಹದ ಗುಣ, ನಳಿಗೆಯ ಉದ್ದ, ಮದ್ದಿನ ಬಲ, ಗುಂಡು ಹೋಗುವ ದೂರ ಮೊದಲಾದ ಸಂಗತಿಗಳಿಗೆ ಪ್ರಾಮುಖ್ಯ ನೀಡುತ್ತವೆ. ಆಯುಧವನ್ನು ಯಾವ ಕೈಗೆಂದು ಮಾಡಲಾಗಿತ್ತು ಎಂಬ ಪ್ರಶ್ನೆ ಅಲ್ಲಿ ವಿರಳವಾಗಿಯೇ ಏಳುತ್ತದೆ. ಮನುಷ್ಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಎಡಗೈ ಬಳಸುವವರು. ಈ ಪ್ರಮಾಣವನ್ನು ಮನಸ್ಸಿನಲ್ಲಿಟ್ಟು ಯಾವುದೇ ವಸ್ತುಸಂಗ್ರಹಾಲಯದ ಬಂದೂಕುಗಳ ಸಾಲನ್ನು ನೋಡಿದರೆ, ಆ ಹತ್ತನೆಯವನು ಅಲ್ಲಿ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಅವನು ಹೇಗೆ ಮರೆಯಾದನು, ಯಾವ ಯಂತ್ರಗಳಲ್ಲಿ ಅವನ ಗುರುತು ಉಳಿದಿದೆ, ಎಡಗೈ ರೈಫಲ್‌ಗಳ ಸಂಗ್ರಹ ಇತಿಹಾಸಕ್ಕೆ ಏನನ್ನು ಒದಗಿಸಬಲ್ಲದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಬಂದೂಕಿಗೆ ಮುಂಚಿನ ಆಯುಧಗಳಲ್ಲಿ ಎಡಗೈ ಒಂದು ಕೊರತೆಯೆನಿಸಿರಲಿಲ್ಲ. ಮಹಾಭಾರತದ ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರು ಬಂದದ್ದು ಅವನು ಎಡಗೈಯಿಂದಲೂ ಬಾಣ ಬಿಡಬಲ್ಲವನಾಗಿದ್ದುದರಿಂದ. ‘ಸವ್ಯ’ ಎಂದರೆ ಎಡ. ಬೈಬಲಿನ ನ್ಯಾಯಸ್ಥಾಪಕರು ಗ್ರಂಥದಲ್ಲಿ ಗುರಿ ತಪ್ಪದೆ ಕವಣೆ ಬೀಸುವ 700 ಮಂದಿ ಎಡಗೈ ವೀರರ ಪ್ರಸ್ತಾಪವಿದೆ. ಬಿಲ್ಲನ್ನಾಗಲೀ ಕವಣೆಯನ್ನಾಗಲೀ ಯಾವ ಕೈಯಲ್ಲಿ ಹಿಡಿದರೂ ಅದರ ಕೆಲಸ ಬಹುಮಟ್ಟಿಗೆ ಒಂದೇ. ಆಯುಧಕ್ಕೇ ಒಂದು ಬಲಮಗ್ಗುಲು ಹುಟ್ಟಿಕೊಂಡದ್ದು ಮದ್ದಿನ ಕಾಲದಲ್ಲಿ.

ಬತ್ತಿ ಮತ್ತು ಚಕಮಕಿಯ ಕಾಲ

ಬತ್ತಿ ಬಂದೂಕಿನಲ್ಲಿ ನಳಿಗೆಯ ಪಕ್ಕದಲ್ಲೊಂದು ಪುಟ್ಟ ಬಟ್ಟಲಿದ್ದು, ಅದರಲ್ಲಿನ ಮದ್ದಿಗೆ ಉರಿಯುವ ಬತ್ತಿ ತಾಗಿದಾಗ ಕಿಡಿ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ಹಬ್ಬುತ್ತಿತ್ತು. ಈ ಬಟ್ಟಲನ್ನು ಬಲಮಗ್ಗುಲಲ್ಲಿ ಇರಿಸುವುದು ಯುರೋಪಿನಲ್ಲೂ ಭಾರತದಲ್ಲೂ ರೂಢಿಯಾಯಿತು. ಬಲಭುಜಕ್ಕೆ ಬಂದೂಕನ್ನು ಆನಿಸಿದವನ ಕೆನ್ನೆ ಹಿಡಿಯ ಎಡಮಗ್ಗುಲಲ್ಲಿರುತ್ತದೆ. ಆದ್ದರಿಂದ ಬಟ್ಟಲಿನ ಉರಿ ಅವನಿಂದ ಆಚೆಗಿರುತ್ತದೆ. ಎಡಭುಜಕ್ಕೆ ಆನಿಸಿದವನ ಕೆನ್ನೆಯಾದರೋ ಅದೇ ಉರಿಯ ಮಗ್ಗುಲಿಗೆ ಬರುತ್ತದೆ. ಚಕಮಕಿ ಕಲ್ಲಿನ ಬಂದೂಕು ಬಂದ ಮೇಲೂ ಈ ಏರ್ಪಾಡು ಬದಲಾಗಲಿಲ್ಲ.

ಇದನ್ನು ಸ್ಥಿರಗೊಳಿಸಿದ್ದು ಕವಾಯತು. ಜೇಕಬ್ ಡಿ ಘೇನ್ ಎಂಬ ಡಚ್ ಚಿತ್ರಕಾರನು 1607ರಲ್ಲಿ ಪ್ರಕಟಿಸಿದ ಕವಾಯತಿನ ಕೈಪಿಡಿಯಲ್ಲಿ 117 ಚಿತ್ರಫಲಕಗಳಿವೆ. ಬಂದೂಕು ತುಂಬುವ, ಗುರಿಯಿಡುವ, ಹಾರಿಸುವ ಒಂದೊಂದು ಚಲನೆಯನ್ನೂ ಅದು ಬಿಡಿಬಿಡಿಯಾಗಿ ತೋರಿಸುತ್ತದೆ. ಅಲ್ಲಿನ ಬಂದೂಕುಧಾರಿ ಬಲಭುಜದ ಸೈನಿಕ. ಉರಿಯುವ ಬತ್ತಿ ಹಿಡಿದ ಜನ ಒತ್ತೊತ್ತಾಗಿ ನಿಂತ ಸಾಲಿನಲ್ಲಿ ಒಬ್ಬನು ಎದುರುಮಗ್ಗುಲಿಂದ ಹಾರಿಸಿದರೆ ಪಕ್ಕದವನಿಗೆ ಅಪಾಯ. ಹೀಗಾಗಿ ಏಕರೂಪತೆ ಸುರಕ್ಷತೆಯ ಹೆಸರಿನಲ್ಲಿ ಬಂದು ನಿಯಮವಾಗಿ ನೆಲೆಸಿತು. ಹಣವುಳ್ಳ ಬೇಟೆಗಾರರು ಎಡಮಗ್ಗುಲಲ್ಲಿ ಕುದುರೆಯಿದ್ದ ಬಂದೂಕುಗಳನ್ನು ಹೇಳಿಮಾಡಿಸಿಕೊಳ್ಳುತ್ತಿದ್ದುದುಂಟು. ಸಾಮಾನ್ಯ ಸಿಪಾಯಿಗೆ ಆ ಅವಕಾಶವಿರಲಿಲ್ಲ.

ಬೋಲ್ಟ್ ರೈಫಲ್ ಮತ್ತು ಬಲಗೈ

19ನೆಯ ಶತಮಾನದ ಉತ್ತರಾರ್ಧದಲ್ಲಿ ಬೋಲ್ಟ್ ರೈಫಲ್ ಸೈನ್ಯಗಳ ಮುಖ್ಯ ಆಯುಧವಾಯಿತು. ರಷ್ಯಾದ 1891ರ ಮೋಸಿನ್, ಬ್ರಿಟನ್ನಿನ 1895ರ ಲೀ-ಎನ್‌ಫೀಲ್ಡ್, ಜರ್ಮನಿಯ 1898ರ ಮೌಸರ್, ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ಇವೆಲ್ಲವುಗಳಲ್ಲಿಯೂ ಬೋಲ್ಟಿನ ಹಿಡಿ ಬಲಮಗ್ಗುಲಲ್ಲಿದೆ. ಟ್ರಿಗರ್ ಎಳೆದ ಕೈಯೇ ಬೋಲ್ಟನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಮತ್ತೆ ಟ್ರಿಗರಿಗೆ ಮರಳಬೇಕು; ಎಡಗೈ ರೈಫಲಿನ ಭಾರವನ್ನು ಹೊತ್ತು ಅಲುಗಾಡದೆ ಇರಬೇಕು. ಮೊದಲನೆಯ ಮಹಾಯುದ್ಧದ ಮುಂಚಿನ ಬ್ರಿಟಿಷ್ ಸೈನಿಕನಿಗೆ ನಿಮಿಷಕ್ಕೆ 15 ಗುರಿಯಿಟ್ಟ ಗುಂಡುಗಳನ್ನು ಹಾರಿಸುವ ತರಬೇತಿಯಿತ್ತು. ಆ ವೇಗಕ್ಕೆ ಆಧಾರವಾದದ್ದು ಬಲಗೈಯ ಈ ಕಿರುದಾರಿಯೇ.

ಎಡಭುಜದಿಂದ ಹಾರಿಸುವವನ ಪಾಡು ಬೇರೆ. ಅವನು ಟ್ರಿಗರಿನ ಕೈಯನ್ನು ಬಿಟ್ಟು ರೈಫಲಿನ ಮೇಲಿಂದ ಆಚೆಗೆ ಚಾಚಬೇಕು. ಇಲ್ಲವೆ ಆಧಾರವಾಗಿರುವ ಬಲಗೈಯನ್ನು ತೆಗೆದು ಬೋಲ್ಟಿಗೆ ತರಬೇಕು. ಎರಡರಲ್ಲಿಯೂ ಗುರಿ ಕದಲುತ್ತದೆ. ಖಾಲಿ ತೋಟಾ ಹೊರಬೀಳುವ ಕಿಂಡಿಯೂ ಅವನ ಮುಖದ ಕಡೆಗೇ ಇರುತ್ತದೆ. ಹೆಚ್ಚಿನ ಸೈನ್ಯಗಳು ಕಂಡುಕೊಂಡ ಪರಿಹಾರವೆಂದರೆ ಮನುಷ್ಯನನ್ನೇ ತಿದ್ದುವುದು. ಬಲಗೈಯಲ್ಲಿ ಬರೆಯುವಂತೆ ಮಗುವನ್ನು ತಿದ್ದಿದ ಶಾಲೆಯೂ ಬಲಭುಜದಿಂದ ಹಾರಿಸುವಂತೆ ಸಿಪಾಯಿಯನ್ನು ತಿದ್ದಿದ ಕವಾಯತು ಮೈದಾನವೂ ಒಂದೇ ಕಾಲದ ಸಂಸ್ಥೆಗಳು ಎಂಬುದು ಗಮನಾರ್ಹ. ಕನ್ನಡದಲ್ಲಿ ‘ಬಲ’ ಎಂಬ ಒಂದೇ ಪದ ದಿಕ್ಕನ್ನೂ ಶಕ್ತಿಯನ್ನೂ ಸೂಚಿಸುತ್ತದೆ. ಈ ಗ್ರಹಿಕೆ ಒಂದು ನಾಡಿಗೆ ಸೀಮಿತವಾದುದಲ್ಲ.

ಎಡಬಲಗಳಿಲ್ಲದ ಯಂತ್ರಗಳು

ಎಡಗೈ ಗುರಿಕಾರನು ಸಂಗ್ರಹಕ್ಕಾಗಿ ರೈಫಲ್‌ಗಳನ್ನು ಹುಡುಕಲು ಹೊರಟಾಗ ಮೊದಲು ಎದುರಾಗುವುದು ಅವನಿಗೆಂದು ಮಾಡದಿದ್ದರೂ ಅವನನ್ನು ಹೊರಗಿಡದ ಯಂತ್ರಗಳು. ಬ್ರಿಟಿಷ್ ಸೈನ್ಯ 1871ರಲ್ಲಿ ಅಳವಡಿಸಿಕೊಂಡ ಮಾರ್ಟಿನಿ-ಹೆನ್ರಿ ಇವುಗಳಲ್ಲೊಂದು. ಇದರ ಸನ್ನೆ ಹಿಡಿಯ ಕೆಳಗೆ ನಟ್ಟನಡುವೆ ಇದ್ದು, ತೋಟಾ ಹಾಕುವ ಬಾಯಿ ಮೇಲ್ಗಡೆ ತೆರೆದುಕೊಳ್ಳುತ್ತದೆ. ಅಮೆರಿಕದ ವಿಂಚೆಸ್ಟರ್ ಕಂಪನಿಯ ಸನ್ನೆ ರೈಫಲ್‌ಗಳೂ ಇಂಥವೇ. 1894ರ ಮಾದರಿಯಲ್ಲಿ ಖಾಲಿ ತೋಟಾ ಮೇಲಕ್ಕೆ ಹಾರುತ್ತಿದ್ದುದರಿಂದ ಯಾವ ಭುಜವಾದರೂ ಸರಿಯೇ. ಜಾನ್ ಬ್ರೌನಿಂಗ್ ರೂಪಿಸಿದ .22 ಸ್ವಯಂಚಾಲಿತ ರೈಫಲಿನಲ್ಲಿ ತೋಟಾ ನೇರವಾಗಿ ಕೆಳಕ್ಕೆ ಬೀಳುತ್ತದೆ. 1967ರಲ್ಲಿ ರೂಗರ್ ಕಂಪನಿ ತಂದ ‘ನಂಬರ್ 1’ ಎಂಬ ಒಂಟಿ ತೋಟಾ ರೈಫಲಿನ ಸುರಕ್ಷಾ ಗುಂಡಿಯೂ ನಡುವೆಯೇ ಇದೆ.

ಜೋಡಿ ನಳಿಗೆಯ ರೈಫಲ್‌ಗಳಲ್ಲಿ ವ್ಯತ್ಯಾಸ ಇನ್ನೂ ಸೂಕ್ಷ್ಮವಾದುದು. ಇವುಗಳಲ್ಲಿ ನಳಿಗೆಗಳು ಮಡಚಿಕೊಳ್ಳುತ್ತವೆ. ಕೈಯ ಭೇದ ಮುಖ್ಯವಾಗಿ ಹಿಡಿಯ ಬಾಗಿನಲ್ಲಿ ಉಳಿದಿರುತ್ತದೆ. ಬಲಭುಜದವನಿಗೆ ಹಿಡಿಯನ್ನು ತುಸು ಬಲಕ್ಕೆ, ಎಡಭುಜದವನಿಗೆ ತುಸು ಎಡಕ್ಕೆ ಬಾಗಿಸುವುದು ಇಂಗ್ಲಿಷ್ ಬಂದೂಕು ತಯಾರಕರ ಪದ್ಧತಿ. ಬಲಭುಜದಿಂದ ಹಾರಿಸುತ್ತಲೇ ಎಡಗಣ್ಣಿನಿಂದ ಗುರಿ ನೋಡಬೇಕಾದವರಿಗಾಗಿ ವಿಪರೀತ ಬಾಗಿಸಿದ ಹಿಡಿಗಳೂ ತಯಾರಾದವು. ಇಂಥ ಒಂದು ಹಿಡಿಯನ್ನು ಕಂಡಾಗ ಅದರ ಒಡೆಯನ ದೇಹದ ಒಂದು ಸತ್ಯವೇ ಸಂಗ್ರಹಕಾರನಿಗೆ ತಿಳಿಯುತ್ತದೆ.

ಕನ್ನಡಿಯ ಪ್ರತಿರೂಪ

ಎಡಗೈಗೆಂದೇ ಬೋಲ್ಟ್ ರೈಫಲನ್ನು ಮಾಡುವುದು ಹಿಡಿಯನ್ನು ಆಚೆಯಿಂದ ಈಚೆಗೆ ತಂದಷ್ಟು ಸುಲಭವಲ್ಲ. ತೋಟಾ ಹೊರಬೀಳುವ ಕಿಂಡಿ, ತೋಟಾವನ್ನು ಎಳೆಯುವ ಕೊಕ್ಕೆ, ಬೋಲ್ಟು ತಿರುಗಿ ಬೀಗವಾಗುವ ದಿಕ್ಕು, ಸುರಕ್ಷಾ ಗುಂಡಿ ಇವೆಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಬೇಕು. ಅದಕ್ಕೆ ಬೇರೆಯೇ ಅಚ್ಚು, ಬೇರೆಯೇ ಯಂತ್ರಸಜ್ಜು ಬೇಕು. ಆದ್ದರಿಂದ ಬಹುಕಾಲ ಎಡಗೈಯವರಿಗೆ ಉಳಿದಿದ್ದ ಮಾರ್ಗವೆಂದರೆ ಬಲಗೈ ಮೌಸರಿಗೆ ಕುಶಲಕರ್ಮಿಯಿಂದ ಎಡಗಡೆ ಒಂದು ಹಿಡಿಯನ್ನು ಬೆಸೆಸಿಕೊಳ್ಳುವುದು. ಇಂಥ ಪರಿವರ್ತಿತ ರೈಫಲಿನಲ್ಲಿ ಕಿಂಡಿ ಬಲಕ್ಕೇ ಉಳಿಯುತ್ತಿತ್ತು. ಬೆಸುಗೆಯ ಕಾವು ಉಕ್ಕಿನ ಹದವನ್ನು ಕೆಡಿಸುವ ಭಯವೂ ಇತ್ತು.

ಈ ಸ್ಥಿತಿ ಬದಲಾದದ್ದು 1950ರ ದಶಕದ ಕೊನೆಯಲ್ಲಿ. ಅಮೆರಿಕದ ಸ್ಯಾವೇಜ್ ಕಂಪನಿ 1958ರಲ್ಲಿ ನಿಕೊಲಸ್ ಬ್ರೂವರ್ ರೂಪಿಸಿದ 110 ಎಂಬ ಬೋಲ್ಟ್ ರೈಫಲನ್ನು ಮಾರುಕಟ್ಟೆಗೆ ತಂದಿತು. ಅಗ್ಗವಾಗಿ, ಸರಳ ಬಿಡಿಭಾಗಗಳಿಂದ ತಯಾರಿಸಲು ಅನುಕೂಲವಾದ ವಿನ್ಯಾಸ ಅದಾಗಿತ್ತು. ಕೆಲಕಾಲದಲ್ಲಿಯೇ ಅದರ ಸಂಪೂರ್ಣ ಎಡಗೈ ರೂಪವೂ ಸಾಮಾನ್ಯ ಬೇಟೆಗಾರನ ಕೈಗೆಟಕುವ ಬೆಲೆಯಲ್ಲಿ ದೊರೆಯಿತು. ವೆದರ್‌ಬಿ ಕಂಪನಿಯೂ ಎಡಗೈ ರೈಫಲ್‌ಗಳನ್ನು ಮಾಡಿತು. 1970ರ ದಶಕದಲ್ಲಿ ರೆಮಿಂಗ್ಟನ್ 700, 1990ರ ದಶಕದಲ್ಲಿ ರೂಗರ್ 77 ಎಡಗೈ ರೂಪದಲ್ಲಿ ಬಂದವು.

ಈ ಕಾಲಾನುಕ್ರಮಕ್ಕೆ ಒಂದು ಸಾಮಾಜಿಕ ಹಿನ್ನೆಲೆಯೂ ಇದೆ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1986ರಲ್ಲಿ ನಡೆಸಿದ ಸಮೀಕ್ಷೆಗೆ 10 ಲಕ್ಷಕ್ಕೂ ಹೆಚ್ಚು ಓದುಗರು ಉತ್ತರಿಸಿದ್ದರು. 20ನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಅಮೆರಿಕನ್ನರಲ್ಲಿ ಎಡಗೈಯಲ್ಲಿ ಬರೆಯುವವರ ಪ್ರಮಾಣ ಶತಮಾನದ ಮಧ್ಯದಲ್ಲಿ ಹುಟ್ಟಿದವರಲ್ಲಿರುವುದಕ್ಕಿಂತ ಬಹಳ ಕಡಿಮೆಯೆಂದು ಅದರಿಂದ ತಿಳಿದುಬಂದಿತು. ಎಡಗೈಯವರು ಹೊಸದಾಗಿ ಹುಟ್ಟಿಬಂದವರಲ್ಲ. ಅವರನ್ನು ತಿದ್ದುವುದು ನಿಂತಿತ್ತು. ತಿದ್ದಲ್ಪಡದ ತಲೆಮಾರು ಬೆಳೆದು ಕೊಳ್ಳುಗರಾದಂತೆ ಅವರಿಗೆಂದು ಮಾಡಿದ ವಸ್ತುಗಳಿಗೂ ಮಾರುಕಟ್ಟೆ ಬಲಿಯಿತು ಎಂದು ಊಹಿಸಲು ಇಲ್ಲಿ ಆಧಾರವಿದೆ.

ಕೌಶಲ ಕೈಗೆ ಅಂಟಿಕೊಂಡದ್ದಲ್ಲ ಎಂಬುದಕ್ಕೆ ಪಿಸ್ತೂಲಿನ ಕ್ಷೇತ್ರದಿಂದ ಒಂದು ನಿದರ್ಶನವನ್ನು ಕೊಡಬಹುದು. ಹಂಗರಿಯ ಸೈನಿಕ ಕಾರೊಯ್ ಟಾಕಾಚ್‌ನ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಹಾಳಾಯಿತು. ಅವನು ಎಡಗೈಯಲ್ಲಿ ಅಭ್ಯಾಸ ಮಾಡಿ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಕ್ಷಿಪ್ರ ಪಿಸ್ತೂಲ್ ಸ್ಪರ್ಧೆಯ ಚಿನ್ನದ ಪದಕ ಗೆದ್ದನು.

ಸೈನ್ಯದ ತಡವಾದ ಮನ್ನಣೆ

ಸೈನ್ಯಗಳು ಎಡಗೈಯವನನ್ನು ವಿನ್ಯಾಸದಲ್ಲಿ ಗಣಿಸಿದ್ದು ಇನ್ನೂ ತಡವಾಗಿ. ಅಮೆರಿಕದ ಎಂ16 ರೈಫಲ್ ಖಾಲಿ ತೋಟಾಗಳನ್ನು ಬಲಕ್ಕೆ ಚಿಮ್ಮಿಸುತ್ತಿದ್ದುದರಿಂದ ಎಡಭುಜದವರ ಮುಖಕ್ಕೆ ಅವು ಬಡಿಯುವ ಸಂಭವವಿತ್ತು. 1980ರ ದಶಕದಲ್ಲಿ ಬಂದ ಎಂ16ಎ2 ಮಾದರಿಯಲ್ಲಿ ಕಿಂಡಿಯ ಹಿಂದೆ ಒಂದು ಸಣ್ಣ ಉಬ್ಬನ್ನು ಸೇರಿಸಲಾಯಿತು. ತೋಟಾ ಅದಕ್ಕೆ ತಗಲಿ ಮುಖದಿಂದ ದೂರ ಹಾರುತ್ತದೆ. ಅದೇ ದಶಕದಲ್ಲಿ ಬ್ರಿಟನ್ ತಂದ ಎಲ್85 ಇದಕ್ಕೆ ವಿರುದ್ಧವಾದ ಉದಾಹರಣೆ. ಯಂತ್ರಭಾಗ ಟ್ರಿಗರಿನ ಹಿಂದಿರುವ ಈ ರೈಫಲಿನಲ್ಲಿ ಕಿಂಡಿಯೂ ಹಿಂದೆ ಮುಂದೆ ಚಲಿಸುವ ಹಿಡಿಯೂ ಬಲಗಡೆಯಲ್ಲಿವೆ. ಎಡಭುಜಕ್ಕೆ ಆನಿಸಿದರೆ ಅವು ಮುಖಕ್ಕೇ ಬರುತ್ತವೆ. ಹಾಗಾಗಿ ಅದನ್ನು ಬಲಭುಜದಿಂದ ಮಾತ್ರ ಹಾರಿಸಬೇಕು. ಆಸ್ಟ್ರಿಯಾದ ಸ್ಟೈರ್ ಆಗ್, ಫ್ರಾನ್ಸಿನ ಫಾಮಾಸ್ ಇವುಗಳಲ್ಲಿ ಬಿಡಿಭಾಗಗಳನ್ನು ಬದಲಿಸಿ ತೋಟಾ ಬೀಳುವ ಮಗ್ಗುಲನ್ನು ಎಡಕ್ಕೆ ತಿರುಗಿಸಬಹುದು. ಒಂದೇ ಕಾಲದ ನಾಲ್ಕು ದೇಶಗಳು ಒಂದೇ ಸಮಸ್ಯೆಗೆ ಬೇರೆಬೇರೆ ಉತ್ತರ ಕೊಟ್ಟುದರಿಂದ, ಬಲಗೈಯ ಏಕಸ್ವಾಮ್ಯ ಯಂತ್ರದ ಅನಿವಾರ್ಯತೆಯಲ್ಲ, ಆಯ್ಕೆ ಎಂಬುದು ಸ್ಪಷ್ಟವಾಗುತ್ತದೆ.

ಸಂಗ್ರಹ ಮತ್ತು ದಾಖಲೆ

ಎಡಗೈ ರೈಫಲ್‌ಗಳ ಸಂಗ್ರಹ ಹೀಗೆ ನಾಲ್ಕು ವರ್ಗಗಳಾಗಿ ನಿಲ್ಲುತ್ತದೆ: ಎಡಬಲಗಳಿಲ್ಲದ ಯಂತ್ರಗಳು, ಹೇಳಿಮಾಡಿಸಿದವು, ಪರಿವರ್ತಿಸಿದವು ಮತ್ತು ಕಾರ್ಖಾನೆಯ ಪ್ರತಿರೂಪಗಳು. ಇವುಗಳಲ್ಲಿ ಪರಿವರ್ತಿತ ರೈಫಲ್ ಮಾರುಕಟ್ಟೆಯಲ್ಲಿ ಅತ್ಯಂತ ಉಪೇಕ್ಷಿತವಾದುದು. ಮೂಲರೂಪ ಕೆಟ್ಟಿದೆ ಎಂದು ಸಂಗ್ರಹಕಾರರು ಅದನ್ನು ದೂರವಿಡುತ್ತಾರೆ. ಎಡಗಡೆಯ ಹಿಡಿಯನ್ನು ಕಿತ್ತು ಮತ್ತೆ ಬಲಕ್ಕೆ ‘ಸರಿಪಡಿಸಿದರೆ’ ಎಡಗೈಯವನ ಸಾಕ್ಷ್ಯವೂ ಅದರೊಂದಿಗೆ ಅಳಿಯುತ್ತದೆ. ಸೈನ್ಯದ ಹಳೆಯ ಬೋಲ್ಟ್ ರೈಫಲ್‌ಗಳಲ್ಲಿಯಂತೂ ಎಡಗೈ ರೂಪವನ್ನು ಹುಡುಕುವುದೇ ವ್ಯರ್ಥ ಎನ್ನಬಹುದು. ಅಲ್ಲಿ ಎಡಗೈ ಸಂಗ್ರಹಕಾರನು ತನ್ನ ಮುಂಚಿನ ಸಿಪಾಯಿ ಮಾಡಿದಂತೆಯೇ ಮೇಲಿಂದ ಕೈ ಚಾಚಬೇಕು. ಅವನ ಆ ತೊಡಕೂ ಒಂದು ಬಗೆಯ ಚಾರಿತ್ರಿಕ ಆಕರವೇ.

ಭಾರತದಲ್ಲಿ ಖಾಸಗಿ ಸಂಗ್ರಹಕ್ಕೆ ಅವಕಾಶ ಕಿರಿದು. 1959ರ ಆಯುಧ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿ, ಸಾಮಾನ್ಯ ಪರವಾನಗಿದಾರನು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಂದು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವ ಕೋವಿಗಳು ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಮನೆತನದ ಆಸ್ತಿ. ವಂಶಪಾರಂಪರ್ಯವಾಗಿ ಬಂದ ಕೋವಿ ವಾರಸುದಾರನ ಕೈ ಯಾವುದೆಂದು ನೋಡಿ ಬರುವುದಿಲ್ಲ. ಎಡಗೈಯ ಮಗನು ಬಲಗೈಯ ತಂದೆಯ ಕೋವಿಯನ್ನು ಹೇಗೆ ಹೊಂದಿಸಿಕೊಂಡನು, ಹಿಡಿಯ ಮರವನ್ನು ಕೆತ್ತಿಸಿದನೆ, ಭುಜ ಬದಲಿಸಿದನೆ ಎಂಬುದು ಹಿರಿಯರ ನೆನಪುಗಳಿಂದ ಮಾತ್ರ ತಿಳಿಯಬಹುದಾದ ಸಂಗತಿ. ಆ ನೆನಪುಗಳು ಮಾಸುವ ಮುನ್ನ ಕ್ಷೇತ್ರಕಾರ್ಯ ನಡೆಯಬೇಕಾಗಿದೆ.

ಉಳಿದ ಬಂದೂಕುಗಳು ಅರಮನೆಗಳ ಆಯುಧಶಾಲೆಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಇವೆ. ಇವುಗಳ ಸೂಚಿಗಳಲ್ಲಿ ನಳಿಗೆಯ ಉದ್ದ, ಕಾಲ, ಅಲಂಕಾರಗಳ ಜೊತೆಗೆ ಮೂರು ವಿವರಗಳನ್ನು ಸೇರಿಸುವುದು ಕಷ್ಟವಾಗಲಾರದು: ಬಟ್ಟಲು ಅಥವಾ ಬೋಲ್ಟು ಯಾವ ಮಗ್ಗುಲಲ್ಲಿದೆ, ಹಿಡಿಯ ಬಾಗು ಯಾವ ಕಡೆಗಿದೆ, ಕೆನ್ನೆ ಆನಿಸುವಲ್ಲಿನ ಸವೆತ ಯಾವ ಬದಿಯಲ್ಲಿದೆ. ಬಲಗೈಗೆಂದು ಮಾಡಿದ ಬಂದೂಕಿನ ಬಲಮಗ್ಗುಲಲ್ಲಿ ಕೆನ್ನೆಯ ಸವೆತ ಕಂಡರೆ, ಅದನ್ನು ಬಳಸಿದವನು ಎಡಭುಜದವನಾಗಿದ್ದಿರಬೇಕೆಂದು ಊಹಿಸಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ಎಡಗೈ ರೈಫಲುಗಳ ಸಂಗ್ರಹ ಕೇವಲ ವಿಚಿತ್ರ ವಸ್ತುಗಳ ಹವ್ಯಾಸವಲ್ಲ. ಏಕರೂಪತೆಯನ್ನು ಬಯಸಿದ ಸೈನ್ಯ, ಶಾಲೆ, ಕಾರ್ಖಾನೆಗಳು ಹತ್ತನೆಯವನನ್ನು ಲೆಕ್ಕದಿಂದ ಹೇಗೆ ಬಿಟ್ಟವು, ಅವನು ಹೇಗೆ ತನ್ನ ದಾರಿ ಕಂಡುಕೊಂಡನು ಎಂಬುದಕ್ಕೆ ಉಕ್ಕು ಮತ್ತು ಮರದಲ್ಲಿ ಉಳಿದ ದಾಖಲೆ ಅದು. ಸೂಚಿಗಳು ಆ ದಾಖಲೆಯನ್ನು ಗುರುತಿಸಿದಾಗ ಮಾತ್ರ ಬಂದೂಕಿನ ಚರಿತ್ರೆ ಅದನ್ನು ಹಿಡಿದ ಎಲ್ಲ ಕೈಗಳ ಚರಿತ್ರೆಯಾದೀತು.