ಬಳ್ಳಿಗಾವೆಯಲ್ಲಿ ಸಿಕ್ಕ ಉತ್ತರ

ನಮ್ಮೂರ ಲಕ್ಷ್ಮೀನರಸಿಂಹ ದೇವಾಲಯವನ್ನು ಕ್ರಿ.ಶ. 1246ರಲ್ಲಿ ಹೊಯ್ಸಳ ದೊರೆ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ. ಆಗ ನುಗ್ಗೇಹಳ್ಳಿಗೆ ವಿಜಯಸೋಮನಾಥಪುರ ಎಂಬ ಹೆಸರಿತ್ತು, ಅದೊಂದು ಅಗ್ರಹಾರ. ಎಂಟನೇ ತರಗತಿಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ನಮ್ಮನ್ನು ಗುಡಿಯ ಹೊರಗೋಡೆಯ ಮುಂದೆ ನಿಲ್ಲಿಸಿ, ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಶಿಲ್ಪಿಗಳ ಕೆಲಸ ತೋರಿಸಿದ್ದರು. ನಾನು ಕೇಳಿದ್ದೆ: "ಸಾರ್, ಗುಡಿ ಇಲ್ಲಿದೆ. ಆಗಿನ ಹುಡುಗರು ಓದಿದ ಶಾಲೆ ಎಲ್ಲಿದೆ?" ಮೇಷ್ಟ್ರು ನಕ್ಕು, "ದೊಡ್ಡವನಾದ ಮೇಲೆ ನೀನೇ ಹುಡುಕು" ಎಂದರು.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಆ ಮಾತು ಮರೆತೇಹೋಗಿತ್ತು. ಹೋದ ವರ್ಷ ಗೆಳೆಯನ ಮದುವೆಗೆಂದು ಶಿಕಾರಿಪುರಕ್ಕೆ ಹೋದಾಗ, ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವೆಯನ್ನೂ ನೋಡಿ ಬಂದೆ. ಇದು ಅಲ್ಲಮಪ್ರಭುವಿನ ಊರೆಂದು ಹೆಸರಾದದ್ದು. ಇಲ್ಲಿನ ಕೇದಾರೇಶ್ವರ ದೇವಾಲಯಕ್ಕೂ ನಮ್ಮ ಗುಡಿಯಂತೆ ಮೂರು ಗರ್ಭಗುಡಿಗಳು. ಈ ದೇವಾಲಯಕ್ಕೆ ಸೇರಿದ್ದೇ ಕೋಡಿಯಮಠ. ಕಾಳಾಮುಖ ಶೈವ ಯತಿಗಳು ಇದನ್ನು ನಡೆಸುತ್ತಿದ್ದರು.

ಮಠ ಎಲ್ಲಿ ಎಂದು ಸುತ್ತಲೂ ನೋಡಿದೆ. ಗುಡಿಯಿದೆ, ವೀರಗಲ್ಲುಗಳಿವೆ, ಹುಲ್ಲುಹಾಸಿದೆ. ಮಠದ ಕಟ್ಟಡ ಮಾತ್ರ ಕಾಣಲಿಲ್ಲ. ಆ ಕಾಲದಲ್ಲಿ ದೇವರ ಮನೆಯನ್ನು ಕಲ್ಲಿನಲ್ಲಿ ಕಟ್ಟುತ್ತಿದ್ದರು. ಜನ ವಾಸಿಸುವ, ಓದುವ ಮನೆಗಳು ಸಾಮಾನ್ಯವಾಗಿ ಮರ ಮಣ್ಣಿನವು.

ಆದರೆ ಶಾಸನ ಉಳಿದಿದೆ. 1162ರಲ್ಲಿ ಕಳಚುರಿ ಬಿಜ್ಜಳ ಬಳ್ಳಿಗಾವೆಗೆ ಬಂದಾಗ, ಅಧಿಕಾರಿ ಕಸಪಯ್ಯ ನಾಯಕನ ಬಿನ್ನಹದಂತೆ ಮಠಕ್ಕೆ ದತ್ತಿ ಬಿಟ್ಟ. ಆಗ ಮಠದ ಆಚಾರ್ಯ ವಾಮಶಕ್ತಿ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಏಳನೇ ಸಂಪುಟದಲ್ಲಿ ಪ್ರಕಟಿಸಿದ ಈ ಶಾಸನವನ್ನು ಮನೆಗೆ ಬಂದು ಓದಿದೆ. ನಾಲ್ಕು ವೇದ, ಹಲವು ವ್ಯಾಕರಣಗಳು, ದರ್ಶನಗಳು, ಯೋಗ, ಪುರಾಣ, ಕಾವ್ಯ, ನಾಟಕಗಳೆಲ್ಲ ಅಲ್ಲಿ ಪಾಠವಾಗುತ್ತಿದ್ದವು. ಬಡವರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರಿಗೆ ಅನ್ನ ಸಿಗುತ್ತಿತ್ತು. ಶೈವರ ಮಠವಾದರೂ ಜೈನ, ಬೌದ್ಧ ಸಂನ್ಯಾಸಿಗಳಿಗೂ ಊಟವಿತ್ತು. ರೋಗಿಗಳಿಗೆ ಔಷಧಿಯಿತ್ತು. ಶಾಲೆ, ಅನ್ನಛತ್ರ, ಆಸ್ಪತ್ರೆ ಮೂರೂ ಒಂದೇ ಕಡೆ! ಮಧ್ಯಾಹ್ನದ ಬಿಸಿಯೂಟ ಉಂಡು ಓದಿದ ನಮ್ಮಂಥವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಅದೇ ಊರಿನಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕ ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿದ್ದ. ಅದರ ವಿಷಯವೂ ನಮಗೆ ಗೊತ್ತಿರುವುದು ಶಾಸನದಿಂದಲೇ. ಬರೆದಿಡದೆ ಹೋಗಿದ್ದರೆ ಆ ಹುಲ್ಲುಹಾಸಿನ ಮೇಲೆ ನಿಂತವನಿಗೆ ಇಲ್ಲೊಂದು ದೊಡ್ಡ ವಿದ್ಯಾಕೇಂದ್ರವಿತ್ತು ಎಂಬ ಸುಳಿವೂ ಸಿಗುತ್ತಿರಲಿಲ್ಲ. ನಮ್ಮ ಅಗ್ರಹಾರದ ಹುಡುಗರು ಎಲ್ಲಿ ಕೂತು ಓದಿದರು ಎಂಬ ನನ್ನ ಪ್ರಶ್ನೆಗೆ ನೇರ ಉತ್ತರ ಸಿಗಲಿಲ್ಲ. ಯಾಕೆ ಸಿಗುವುದಿಲ್ಲ ಎಂಬುದು ಮಾತ್ರ ಅರ್ಥವಾಯಿತು.

ನಮ್ಮ ಶಾಲೆಗೆ ಈಗ ಐವತ್ತು ವರ್ಷ. ಮೊದಲ ತಂಡದ ವಿದ್ಯಾರ್ಥಿಗಳು ಅರವತ್ತು ದಾಟಿದ್ದಾರೆ. ನಾವು ಕೂತು ಓದಿದ ಹೆಂಚಿನ ಕೊಠಡಿಗಳು ಈಗಲೇ ಇಲ್ಲ. ಶಾಲೆಗಾಗಿ ಓಡಾಡಿದ ಹಿರಿಯರು ಯಾರು, ಮೊದಲ ವರ್ಷ ಎಷ್ಟು ಹೆಣ್ಣುಮಕ್ಕಳು ಸೇರಿದರು, ಸುತ್ತಲಿನ ಯಾವ ಯಾವ ಹಳ್ಳಿಗಳಿಂದ ನಡೆದು ಬಂದರು ಎಂಬುದು ಹಿರಿಯರ ನೆನಪಿನಲ್ಲಷ್ಟೇ ಇದೆ. ಈ ಸಂಚಿಕೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳು, ಗುರುಗಳು, ಊರಿನ ಹಿರಿಯರು ದಯವಿಟ್ಟು ತಮ್ಮಲ್ಲಿರುವ ಹಳೆಯ ಫೋಟೋ, ಅಂಕಪಟ್ಟಿ, ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಗಳನ್ನು ಒಂದು ದಿನದ ಮಟ್ಟಿಗೆ ಶಾಲೆಗೆ ತಂದುಕೊಡಿ. ಅವನ್ನು ಸ್ಕ್ಯಾನ್ ಮಾಡಿ, ನೀವು ಹೇಳಿದ್ದನ್ನು ಬರೆದುಕೊಂಡು ಶಾಲೆಯಲ್ಲಿ ಇಡುವ ಕೆಲಸ ನನ್ನದು. ಕಂಪ್ಯೂಟರ್ ಕಲಿತದ್ದಕ್ಕೆ ಊರಿಗೆ ಅಷ್ಟಾದರೂ ಉಪಯೋಗವಾಗಲಿ.